ಗಾಡಿ ತಡೆಯುವ ಮುನ್ನ ಒಂದು ಮಾತು

ಬೆಂಗಳೂರಿನ ಚರ್ಚ್ ಸ್ಟ್ರೀಟ್ ಬಲು ಉದ್ದದ ಬೀದಿಯೇನಲ್ಲ. ಬ್ರಿಗೇಡ್ ರೋಡಿನ ತುದಿಯಿಂದ ಹೊರಟು ಸೇಂಟ್ ಮಾರ್ಕ್ಸ್ ರೋಡ್ ಮುಟ್ಟುವುದಕ್ಕೆ, ಎಲ್ಲೂ ನಿಲ್ಲದೆ ನಡೆದರೆ, ಹತ್ತು ನಿಮಿಷ ಸಾಕು. ಆದರೆ ಎಲ್ಲೂ ನಿಲ್ಲದೆ ನಡೆಯುವುದಕ್ಕೆಂದು ಯಾರೂ ಅಲ್ಲಿಗೆ ಹೋಗುವುದಿಲ್ಲ. ಪುಸ್ತಕದಂಗಡಿ ಹೊಕ್ಕರೆ ಒಂದು ಗಂಟೆ, ಕಾಫಿಗೆ ಕೂತರೆ ಅರ್ಧ ಗಂಟೆ, ಹಳೆಯ ಗೆಳೆಯ ಸಿಕ್ಕರೆ ಇಡೀ ಸಂಜೆ. ಇಂಥ ಬೀದಿಯಲ್ಲಿ ಪೆಟ್ರೋಲು, ಡೀಸೆಲಿನ ಗಾಡಿಗಳು ಓಡಬೇಕೇ? ಬೇಡ ಎನ್ನುವುದಾದರೆ ಹಾಗೆನ್ನುವ ಮೊದಲು ಯಾರ ಯಾರ ಮಾತು ಕೇಳಬೇಕು? ಕೆಲವು ವರ್ಷಗಳಿಂದ ಈ ಎರಡನೆಯ ಪ್ರಶ್ನೆ ನನ್ನನ್ನು ಮೊದಲನೆಯದಕ್ಕಿಂತ ಹೆಚ್ಚು ಕಾಡುತ್ತಿದೆ.

ಬೀದಿಯ ಬಗ್ಗೆ ಇನ್ನೆರಡು ಮಾತು ಹೇಳಿಬಿಡುತ್ತೇನೆ. ಮ್ಯೂಸಿಯಂ ರೋಡ್ ಬಂದು ಸೇರುವ ಮೂಲೆಯಲ್ಲಿ ಟಿ. ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ ಇತ್ತು. ನೆಲದಿಂದ ಸೂರಿನವರೆಗೆ ಪುಸ್ತಕಗಳ ರಾಶಿ. ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಿಕೊಂಡು ದಾರಿ ಬಿಡಬೇಕಿತ್ತು. ಕೇಳಿದ ಪುಸ್ತಕ ಯಾವ ರಾಶಿಯ ಯಾವ ಆಳದಲ್ಲಿದೆ ಎಂಬುದು ಶಾನಭಾಗರಿಗೆ ಬಾಯಿಪಾಠ. 2009ರಲ್ಲಿ ಅಂಗಡಿ ಮುಚ್ಚಿತು, 2021ರಲ್ಲಿ ಅವರೂ ಹೋದರು. ಪ್ರೀಮಿಯರ್ ಮುಚ್ಚಿದ ಅದೇ ವರ್ಷ ಎಂ. ಜಿ. ರೋಡಿನ ಇಂಡಿಯನ್ ಕಾಫಿ ಹೌಸ್ ಜಾಗ ಬಿಟ್ಟುಕೊಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಎಂ. ಜಿ. ರೋಡಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಮಾರುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿ ಮಾಯಿಗೌಡರು ಮುಂದೆ ಬ್ಲಾಸಮ್ ಎಂಬ ಅಂಗಡಿ ತೆರೆದು ಅದನ್ನು ಇಲ್ಲೇ ಬೆಳೆಸಿದರು. ಫುಟ್‌ಪಾತಿನ ವ್ಯಾಪಾರದಿಂದ ಒಂದು ಊರಿಗೆ ಏನೆಲ್ಲ ದಕ್ಕಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ. ಈ ಸಂಗತಿ ಮುಂದೆ ಮತ್ತೆ ಬರುತ್ತದೆ.

2018ರಲ್ಲಿ ಈ ಬೀದಿಗೆ ಹೊಸ ರೂಪ ಬಂತು. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಡಾಂಬರು ಕಿತ್ತು ಕಲ್ಲು ಹಾಸಿದರು, ಫುಟ್‌ಪಾತು ಅಗಲವಾಯಿತು, ಕೊಳವೆ ಕೇಬಲ್ಲುಗಳು ನೆಲದಡಿಗೆ ಸೇರಿದವು. ನೋಡಲು ಚೆಂದವಾಯಿತು, ನಿಜ. ಆದರೆ ಅಗೆತದ ತಿಂಗಳುಗಳಲ್ಲಿ ಅಂಗಡಿಯವರು ಪಟ್ಟ ಪಾಡು ಅವರಿಗೇ ಗೊತ್ತು. ಧೂಳು ಕುಡಿಯುತ್ತ, ಹಲಗೆಯ ಮೇಲೆ ಗಿರಾಕಿಗಳನ್ನು ದಾಟಿಸಿಕೊಳ್ಳುತ್ತ, ಬಾಡಿಗೆ ಕಟ್ಟುತ್ತ ಕಾದವರು ಅವರು. ಅಂಥವರ ಮುಂದೆ ಮತ್ತೊಂದು ಯೋಜನೆಯ ಹೆಸರು ಹೇಳಿದರೆ ಅವರ ಮುಖ ಸಪ್ಪಗಾಗುವುದು ಸಹಜ. ಅದನ್ನು ಬರೀ ಲಾಭಕೋರತನ ಎಂದು ತಳ್ಳಿಹಾಕುವುದು ತಪ್ಪು. ಜನಾಭಿಪ್ರಾಯ ಕೇಳಲು ಹೊರಟವರು ಆ ಬೀದಿಯ ಹಿಂದಿನ ನೋವನ್ನೂ ತಿಳಿದುಕೊಂಡು ಹೋಗಬೇಕು.

ಎರಡು ವರ್ಷ ಕಳೆದು, 2020ರ ನವೆಂಬರ್ 7ರಂದು, 'ಚರ್ಚ್ ಸ್ಟ್ರೀಟ್ ಫಸ್ಟ್' ಎಂಬ ಪ್ರಯೋಗಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಚಾಲನೆ ಕೊಟ್ಟರು. ವಾರಾಂತ್ಯದಲ್ಲಿ ಈ ಬೀದಿಗೆ ವಾಹನಗಳಿಗೆ ಪ್ರವೇಶವಿಲ್ಲ, 2021ರ ಫೆಬ್ರವರಿಯವರೆಗೆ. ನಗರ ಭೂ ಸಾರಿಗೆ ನಿರ್ದೇಶನಾಲಯ ನಡೆಸಿದ ಈ ಪ್ರಯೋಗಕ್ಕೆ ಬ್ರಿಟನ್ನಿನ ಕ್ಯಾಟಪಲ್ಟ್ ಸಂಸ್ಥೆ ಜೊತೆಗೂಡಿತ್ತು. ಗಾಳಿಯನ್ನು ಅಳೆದು ನೋಡುವ ಕೆಲಸ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯದು.

ಆ ದಿನಗಳ ಒಂದು ಸಂಜೆ ಕಣ್ಣಿಗೆ ಕಟ್ಟಿದಂತಿದೆ. ಬೀದಿಯ ನಟ್ಟನಡುವೆ, ಮಾಮೂಲಿ ದಿನವಾದರೆ ಬೈಕುಗಳು ನುಗ್ಗಿ ಬರುವ ಜಾಗದಲ್ಲಿ, ಒಬ್ಬ ಅಜ್ಜಿ ಮೊಮ್ಮಗಳ ಎರಡೂ ಕೈ ಹಿಡಿದುಕೊಂಡು ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುವುದನ್ನು ಕಲಿಸುತ್ತಿದ್ದರು. ಮಾಸ್ಕು ಗದ್ದಕ್ಕೆ ಜಾರಿತ್ತು. "ಕರಿಕಲ್ಲು ತುಳೀಬಾರ್ದು ಪುಟ್ಟಿ, ತುಳಿದ್ರೆ ಔಟು" ಎಂದು ಆಟದ ನಿಯಮ ಹೇಳುತ್ತಿದ್ದರು. ಮಗು ಬೇಕೆಂದೇ ಕರಿಕಲ್ಲು ತುಳಿದು ನಗುತ್ತಿತ್ತು. ನನಗೆ ಕೇಳಿಸಿದ್ದು ಚಪ್ಪಲಿಗಳ ಸದ್ದು, ಜನರ ಮಾತಿನ ಸದ್ದು, ದೂರದಲ್ಲಿ ಯಾರೋ ಗಿಟಾರ್ ಮೀಟುತ್ತಿದ್ದ ಸದ್ದು. ಹಾರ್ನ್ ಇಲ್ಲದ ಬೀದಿಯಲ್ಲಿ ಮನುಷ್ಯರು ಎಷ್ಟು ಮೆಲ್ಲಗೆ ಮಾತಾಡುತ್ತಾರೆ ಎಂಬುದು ಆವತ್ತು ಗಮನಕ್ಕೆ ಬಂತು. ಈ ಬೀದಿ ಹೀಗೇ ಇರಬೇಕು ಎಂದು ಅಂದೇ ನನಗನ್ನಿಸಿತು. ಇವತ್ತಿಗೂ ನನ್ನ ಅಭಿಪ್ರಾಯ ಅದೇ.

ಆದರೆ ನನಗೆ ಅನ್ನಿಸಿದ ಮಾತ್ರಕ್ಕೆ ಆಯಿತೇ? ನಾನು ಆ ಬೀದಿಗೆ ಬಿಡುವಿನ ಹೊತ್ತಿನಲ್ಲಿ ಬಂದುಹೋಗುವವನು. ಅಲ್ಲಿ ಬಾಡಿಗೆ ಕಟ್ಟುವವನಲ್ಲ, ಸರಕು ಇಳಿಸುವವನಲ್ಲ, ಮೇಲಂತಸ್ತಿನಲ್ಲಿ ಮಂಡಿನೋವಿಟ್ಟುಕೊಂಡು ಬದುಕುವವನೂ ಅಲ್ಲ. ವ್ಯಾಪಾರ ಇಳಿಯಿತು ಎಂದ ಅಂಗಡಿಯವರಿದ್ದರು. ಜನ ಹೆಚ್ಚು ಬಂದರು ಎಂದವರೂ ಇದ್ದರು. ಎರಡೂ ನಿಜವಿರಬಹುದು, ಕುಪ್ಪಳಿಸಲು ಬಂದ ಮಗು ಕುರ್ಚಿ, ಮೇಜು ಕೊಳ್ಳುವುದಿಲ್ಲವಲ್ಲ. ಸಾಲದ್ದಕ್ಕೆ ಅದು ಕೋವಿಡ್ ವರ್ಷ. ಅರ್ಧ ಊರು ಮನೆಯಲ್ಲೇ ಕೂತು ಕೆಲಸ ಮಾಡುತ್ತಿತ್ತು. ವ್ಯಾಪಾರ ಕುಸಿದದ್ದು ಬ್ಯಾರಿಕೇಡಿನಿಂದಲೋ ವೈರಸ್ಸಿನಿಂದಲೋ, ಗಾಳಿ ತಿಳಿಯಾದದ್ದರಲ್ಲಿ ಯಾರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಿತ್ತು. ಫೆಬ್ರವರಿ ಮುಗಿಯಿತು, ಬ್ಯಾರಿಕೇಡು ಎದ್ದಿತು, ಬೈಕುಗಳು ಮರಳಿದವು.

ಲಂಡನ್ನಿನಲ್ಲೂ ಅದೇ 2020ರಲ್ಲಿ ಇಂಥದೇ ಒಂದು ಬೀದಿಯ ಕಥೆ ನಡೆಯಿತು. ಬಾರ್ಬಿಕನ್ ಎಂಬ ದೊಡ್ಡ ವಸತಿ ಸಮುಚ್ಚಯದ ಅಡಿಯಲ್ಲಿ ಹಾದುಹೋಗುವ ಬೀಚ್ ಸ್ಟ್ರೀಟಿಗೆ ಮೇಲೆ ಸೂರಿದೆ, ಹೆಚ್ಚುಕಡಿಮೆ ಸುರಂಗವೇ. ಒಳಗೆ ಬಿಟ್ಟ ಹೊಗೆ ಒಳಗೇ ಸುತ್ತುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಮಿತಿ ಮೀರಿದ್ದರಿಂದ ಸಿಟಿ ಆಫ್ ಲಂಡನ್ ಆಡಳಿತ ಮಾರ್ಚ್ 18ರಂದು ಆ ಬೀದಿಯನ್ನು ಹಗಲು ರಾತ್ರಿ ಹೊಗೆರಹಿತ ಬೀದಿಯೆಂದು ಘೋಷಿಸಿತು. ನಡೆಯುವವರು, ಸೈಕಲ್ಲಿನವರು, ಹೊಗೆಯುಗುಳದ ವಾಹನಗಳು ಮಾತ್ರ ಹಾದುಹೋಗಬಹುದು. ಅಲ್ಲಿನ ಪಾರ್ಕಿಂಗಿಗೆ ಹೋಗುವವರಿಗೆ ವಿನಾಯಿತಿ. ಇದಾಗಿ ಐದೇ ದಿನಕ್ಕೆ ಬ್ರಿಟನ್ನಿನಲ್ಲಿ ಲಾಕ್‌ಡೌನ್ ಬಂತು. ಅಲ್ಲಿಯ ಲೆಕ್ಕವನ್ನೂ ಕೋವಿಡ್ ಕಲಕಿತು. 2021ರ ಸೆಪ್ಟೆಂಬರಿನಲ್ಲಿ ಪ್ರಯೋಗ ಮುಗಿದು ಬೀದಿ ಮತ್ತೆ ಎಲ್ಲ ವಾಹನಗಳಿಗೆ ತೆರೆಯಿತು.

ಆ ಬೀದಿಯ ಹಣೆಬರಹಕ್ಕಿಂತ ನನ್ನ ಗಮನ ಸೆಳೆದದ್ದು ಅಲ್ಲಿನ ಕಾನೂನಿನ ಕ್ರಮ. ಪ್ರಾಯೋಗಿಕ ಸಂಚಾರ ಆದೇಶ ಎಂದು ಒಂದಿದೆ. ಗರಿಷ್ಠ ಹದಿನೆಂಟು ತಿಂಗಳ ಆಯುಸ್ಸು ಅದಕ್ಕೆ. ಆದೇಶ ಜಾರಿಯಾದ ಮೊದಲ ಆರು ತಿಂಗಳು ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಮೊದಲು ಜಾರಿ, ಆಮೇಲೆ ಅಭಿಪ್ರಾಯ. ಕೇಳುವಾಗ ತಲೆಕೆಳಗಾಗಿದೆ ಅನ್ನಿಸುತ್ತದೆ. ಯೋಚಿಸಿದರೆ ಅದರಲ್ಲಿ ಹುರುಳಿದೆ. ಕಾಣದ ಸಂಗತಿಯ ಬಗ್ಗೆ ಅಭಿಪ್ರಾಯ ಕೇಳಿದರೆ ಜನ ತಮ್ಮ ಭಯ ಹೇಳುತ್ತಾರೆ. ಕಂಡು ಅನುಭವಿಸಿದ್ದರ ಬಗ್ಗೆ ಕೇಳಿದರೆ ಅನುಭವ ಹೇಳುತ್ತಾರೆ. ಅಳುಕು ಸುಳ್ಳೆಂದಲ್ಲ. ಆದರೆ ತೀರ್ಮಾನಕ್ಕೆ ಎರಡೂ ಬೇಕು.

ಸ್ಟಾಕ್‌ಹೋಮ್ ಇದನ್ನು ಇನ್ನೂ ಧೈರ್ಯವಾಗಿ ಮಾಡಿತು. ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಸುಂಕ ಹಾಕುವ ಮಾತು ಬಂದಾಗ ಬಹುಪಾಲು ಜನ ಮೂಗು ಮುರಿದಿದ್ದರು. 2006ರ ಜನವರಿಯಿಂದ ಜುಲೈವರೆಗೆ ಸುಂಕ ವಸೂಲು ಮಾಡಿ ತೋರಿಸಿದರು. ಒಳಬರುವ, ಹೊರಹೋಗುವ ವಾಹನಗಳು ಸುಮಾರು ಐದರಲ್ಲೊಂದು ಪಾಲು ಇಳಿದವು. ನಂತರ ಸುಂಕ ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಮತಕ್ಕೆ ಹಾಕಿದರು. ನಗರದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಬೇಕು ಎಂದರು. ಮತದಾನ ನಡೆಸಿದ ಅಕ್ಕಪಕ್ಕದ ಊರುಗಳು ಬೇಡ ಎಂದವು. 2007ರ ಆಗಸ್ಟಿನಿಂದ ಸುಂಕ ಕಾಯಂ ಆಯಿತು.

ಅಕ್ಕಪಕ್ಕದ ಊರುಗಳ ಆ 'ಬೇಡ' ನನ್ನನ್ನು ಸುಮಾರು ದಿನ ಯೋಚನೆಗೆ ಹಚ್ಚಿತು. ಬೀದಿ ಯಾರದು? ಅಲ್ಲಿ ವಾಸಿಸುವವರದೋ, ಅಲ್ಲಿಗೆ ಬರುವವರದೋ? ಚರ್ಚ್ ಸ್ಟ್ರೀಟಿಗೆ ಬರುವವರಲ್ಲಿ ಹೆಚ್ಚಿನವರು ಜಯನಗರ, ಯಲಹಂಕ, ಕೆಂಗೇರಿ ಕಡೆಯವರು. ಅವರಲ್ಲಿ ಮೆಟ್ರೊ ಇಳಿದು ಬರುವವರಿಗೆ ತಡೆಯಿಂದ ಲಾಭ, ಮೆಟ್ರೊ ಇನ್ನೂ ತಲುಪದ ಬಡಾವಣೆಯಿಂದ ಸ್ಕೂಟರಿನಲ್ಲಿ ಬರುವವರಿಗೆ ತೊಂದರೆ. ಈ ಸ್ಕೂಟರಿನವರನ್ನು ಕೇಳಲೇಬೇಕು, ಆದರೆ ಆ ಬೀದಿಯ ಗಾಳಿಯನ್ನು ದಿನವಿಡೀ ಉಸಿರಾಡುವವರಿಗೆ ಕೊಡುವಷ್ಟೇ ತೂಕ ಅವರ ಮಾತಿಗೆ ಕೊಡಲಾಗದು ಎಂಬುದು ನನ್ನ ನಿಲುವು.

ದಿನವಿಡೀ ಉಸಿರಾಡುವವರು ಯಾರು? ಕಾರಿನವರಂತೂ ಅಲ್ಲ. ಗಾಜು ಏರಿಸಿಕೊಂಡು ಎರಡು ನಿಮಿಷದಲ್ಲಿ ದಾಟಿಬಿಡುತ್ತಾರೆ. ಬಾಗಿಲಲ್ಲಿ ಹನ್ನೆರಡು ತಾಸು ನಿಲ್ಲುವ ಸೆಕ್ಯುರಿಟಿಯವರು, ಬೈಕುಗಳನ್ನು ಎಳೆದೆಳೆದು ಸಾಲು ಮಾಡುವ ಪಾರ್ಕಿಂಗ್ ಹುಡುಗರು, ಕಸ ಗುಡಿಸುವ ಪೌರಕಾರ್ಮಿಕರು, ಆಟಿಕೆ, ಬಲೂನು ಮಾರುವ ಹೆಂಗಸರು, ಅವರ ಮಡಿಲ ಕೂಸುಗಳು. ಎರಡೂ ಕಡೆ ಕಟ್ಟಡಗಳಿರುವ ಬೀದಿಯಲ್ಲಿ, ನಿಂತು ಸಾಗಿ ನಿಂತು ಸಾಗುವ ಗಾಡಿಗಳ ಹೊಗೆ ಬೇಗ ಚದುರುವುದಿಲ್ಲ. ಸೈಲೆನ್ಸರಿನ ಎತ್ತರಕ್ಕೇ ಕೈಗೂಸಿನ ಮೂಗು. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶ ಇಟ್ಟುಕೊಂಡ ವಾರ್ಷಿಕ ಸರಾಸರಿಯ ಮಿತಿ ಘನಮೀಟರಿಗೆ 40 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಎರಡು ಅಂಕಿಗಳ ನಡುವಿನ ಗಾಳಿಯಲ್ಲೇ ನಮ್ಮ ಊರುಗಳ ಎಷ್ಟೋ ಮಕ್ಕಳು ಬೆಳೆಯುತ್ತಿದ್ದಾರೆ. ಹೊಗೆ ಹೆಚ್ಚು ಕುಡಿಯುವವರನ್ನೇ ನಾವು ಕಡೆಗೆ ಕೇಳುತ್ತೇವೆ, ಎಷ್ಟೋ ಸಲ ಕೇಳುವುದೇ ಇಲ್ಲ.

ಇನ್ನೊಂದು ಊರಿನ ಪೇಟೆ ಬೀದಿಯಲ್ಲಿ ಭಾನುವಾರದ ತಡೆ ಹಾಕಿದ್ದಾಗ ಕಂಡದ್ದು ಇದಕ್ಕೆ ಸೇರುತ್ತದೆ. ಬ್ಯಾರಿಕೇಡಿನ ಹೊರಗೆ ಟೆಂಪೊ ನಿಂತಿತ್ತು. ಒಬ್ಬ ಹುಡುಗ ಹೆಗಲ ಮೇಲೊಂದು, ಕೈಯಲ್ಲೊಂದು ನೀರಿನ ಕ್ಯಾನ್ ಹೊತ್ತುಕೊಂಡು ಬೀದಿಯ ಆ ತುದಿಯ ಹೋಟೆಲ್ಲಿಗೆ ನಡೆಯುತ್ತಿದ್ದ. ಇಪ್ಪತ್ತು ಲೀಟರಿನ ಕ್ಯಾನುಗಳು. ಹೆಗಲಿಗೆ ಟವೆಲು ಸುತ್ತಿಕೊಂಡಿದ್ದ, ಅದು ಒದ್ದೆಯಾಗಿತ್ತು. ಇಳಿಸಿ ಸುಧಾರಿಸಿಕೊಳ್ಳುವಾಗ ಮಾತಾಡಿಸಿದೆ.

"ಮೊದಲೇ ನಿಮಗೆ ಹೇಳಿದ್ರೇನಪ್ಪ?"

"ಯಾರ್ ಹೇಳ್ತಾರೆ ಸಾರ್. ಬೆಳಿಗ್ಗೆ ಬಂದ್ವಿ, ಗೇಟ್ ಹಾಕಿದ್ರು. ಓನರ್‌ಗಳನ್ನ ಕರೆದು ಮೀಟಿಂಗ್ ಮಾಡಿದ್ರಂತೆ."

"ನಿಮ್ಮನ್ನ ಕೇಳಿದ್ರೆ ಏನ್ ಹೇಳ್ತಿದ್ರಿ?"

"ಎಂಟು ಗಂಟೆವರೆಗೂ ಟೆಂಪೊ ಒಳಗೆ ಬಿಡಿ ಅಂತಿದ್ದೆ ಸಾರ್. ಆಮೇಲೆ ಇಡೀ ದಿನ ಮುಚ್ಕೊಳ್ಳಿ, ನಮಗೇನು. ಈ ಹೊಗೆ ನಮಗೂ ಬೇಡ."

ಅಷ್ಟೇ. ಆ ಬೀದಿಯ ಸರಕು ಸಾಗಣೆಯ ಸಮಸ್ಯೆಗೆ ಪರಿಹಾರ ಅವನ ಬಾಯಲ್ಲಿತ್ತು. ಅದಕ್ಕೆ ಸಲಹೆಗಾರ ಸಂಸ್ಥೆ ಬೇಕಿರಲಿಲ್ಲ, ಬೆಳಿಗ್ಗೆ ಆರು ಗಂಟೆಗೆ ಅಲ್ಲಿಗೆ ಹೋಗಿ ಟೆಂಪೊದವರನ್ನು ಮಾತಾಡಿಸುವ ಒಬ್ಬ ಅಧಿಕಾರಿ ಸಾಕಿತ್ತು.

ಹಳ್ಳಿಗಳಲ್ಲಿ ಡಂಗುರ ಸಾರುವ ಪದ್ಧತಿ ಇತ್ತು. ತಳವಾರ ತಮಟೆ ಹೊಡೆಯುತ್ತ ಬೀದಿಬೀದಿ ನಿಂತು, ಕೆರೆ ತೂಬು ಎತ್ತುವ ದಿನವೋ, ಜಾತ್ರೆಗೆ ಗಾಡಿ ಬಿಡುವ ದಾರಿಯೋ, ಸಾರಿ ಹೇಳುತ್ತಿದ್ದ. ಬಾಗಿಲಿಗೆ ಬಂದ ಹೆಂಗಸರು "ಯಾಕಂತೆ? ಎಷ್ಟೊತ್ತಿಗಂತೆ?" ಎಂದು ಕೇಳುವರು. ಉತ್ತರ ಗೊತ್ತಿಲ್ಲದಿದ್ದರೆ ಅವನು ಆ ಪ್ರಶ್ನೆಯನ್ನು ಪಟೇಲರ ಜಗುಲಿಗೆ ಹೊತ್ತೊಯ್ಯುವನು. ಆ ಕಾಲವನ್ನು ಹಾಡಿಹೊಗಳುವ ಮನಸ್ಸು ನನಗಿಲ್ಲ. ತೀರ್ಮಾನ ನಡೆಯುತ್ತಿದ್ದ ಅರಳಿಕಟ್ಟೆಯ ಮೇಲೆ ಹೆಂಗಸರಿಗೆ ಜಾಗವಿರಲಿಲ್ಲ, ತಮಟೆ ಹೊಡೆದವನೂ ಕೆಳಗೇ ನಿಲ್ಲಬೇಕಿತ್ತು. ಆದರೂ ಸುದ್ದಿ ಮನೆಬಾಗಿಲಿಗೆ ಬರುತ್ತಿತ್ತು, ಆಡುವ ಭಾಷೆಯಲ್ಲಿ ಬರುತ್ತಿತ್ತು. ಈಗ ನಮ್ಮ ನಗರಗಳಲ್ಲಿ ಅದು ಪತ್ರಿಕೆಯ ಒಳಪುಟದ ಪುಟ್ಟ ಅಕ್ಷರಗಳಲ್ಲಿ, ಇಲ್ಲವೆ ಮೊಬೈಲಿನ ಇಂಗ್ಲಿಷ್ ಪ್ರಶ್ನಾವಳಿಯಾಗಿ ಬರುತ್ತದೆ. ಹಾಗೆ ಬಂದದ್ದೊಂದನ್ನು ನಾನು ತುಂಬಿದ್ದೆ. 'ಶುದ್ಧ ಗಾಳಿಯನ್ನು ನೀವು ಬೆಂಬಲಿಸುತ್ತೀರಾ?' ಎಂಬುದು ಮೊದಲ ಪ್ರಶ್ನೆ. ಬೇಡ ಎನ್ನುವವರು ಯಾರು? ಎಷ್ಟು ಗಂಟೆಗೆ ಸರಕು ಇಳಿಸುತ್ತೀರಿ, ಆಟೊ ಎಲ್ಲಿ ನಿಲ್ಲಬೇಕು, ಆಂಬುಲೆನ್ಸು ಯಾವ ಕಡೆಯಿಂದ ಬರಬೇಕು ಎಂಬ ಪ್ರಶ್ನೆಗಳೇ ಅದರಲ್ಲಿರಲಿಲ್ಲ.

ತಡವಾಗಿ ಕೇಳಿದರೆ ಏನಾಗುತ್ತದೆ ಎಂಬುದನ್ನೂ ಬೆಂಗಳೂರು ಕಂಡಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ ಎಲ್ಲ ಸಿದ್ಧವಾದ ಮೇಲೆ ಅಭಿಪ್ರಾಯ ಕೇಳಿದರು. ಜನ ಉತ್ತರ ಕೊಟ್ಟದ್ದು 2016ರ ಅಕ್ಟೋಬರಿನಲ್ಲಿ ರಸ್ತೆಯ ಬದಿ ಕೈಕೈ ಹಿಡಿದು ನಿಂತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೆಯ ಕಲಮಿನಲ್ಲಿ, ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ವಾಹನ ತಡೆಯುವ, ನಿರ್ಬಂಧಿಸುವ ಅಧಿಕಾರ ಸರ್ಕಾರಕ್ಕಿದೆ. ಒಂದು ತಿಂಗಳಿಗೆ ಮೀರದ ತಡೆಗೆ ರಾಜ್ಯಪತ್ರದಲ್ಲಿ ಅಧಿಸೂಚನೆಯೂ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಆ ಒಂದು ತಿಂಗಳನ್ನು ನಾವು ಒಳ್ಳೆಯ ಪ್ರಯೋಗಕ್ಕೆ ಬಳಸಿಕೊಳ್ಳಬಹುದು. ತಡೆ ಹಾಕಿ, ಬೀದಿಯಲ್ಲೇ ಒಂದು ಮೇಜು ಹಾಕಿಕೊಂಡು ಕೂತು, ಕನ್ನಡದಲ್ಲೂ ತಮಿಳು, ಉರ್ದು, ಹಿಂದಿಯಲ್ಲೂ ಮಾತಾಡಿ ಬರೆದುಕೊಳ್ಳಬಹುದು. ಬೆಳಗಿನ ಟೆಂಪೊ, ಮಧ್ಯಾಹ್ನದ ಊಟದ ಡೆಲಿವರಿ, ರಾತ್ರಿ ಹೋಟೆಲು ಮುಚ್ಚಿದ ಮೇಲೆ ಮನೆಗೆ ಹೊರಡುವ ಅಡುಗೆಮನೆಯ ಹೆಣ್ಣುಮಕ್ಕಳು, ಒಬ್ಬೊಬ್ಬರ ಹೊತ್ತಿಗೂ ಅಲ್ಲಿರಬೇಕು. ಕೊನೆಯ ಬಸ್ಸಿನ ನಿಲ್ದಾಣಕ್ಕೆ ಆ ಹೆಣ್ಣುಮಕ್ಕಳು ಬೆಳಕಿರುವ ದಾರಿಯಲ್ಲಿ ಹೋಗಬಹುದೇ ಎಂಬುದೂ ಗಾಡಿ ತಡೆಯುವವರು ಕೇಳಬೇಕಾದ ಪ್ರಶ್ನೆ.

ಇನ್ನು ಫುಟ್‌ಪಾತಿನ ವ್ಯಾಪಾರಿಗಳು. ಬೀದಿ ಚೆಂದ ಮಾಡುವ ಭರದಲ್ಲಿ ಮೊದಲು ಎತ್ತಂಗಡಿಯಾಗುವವರು ಅವರೇ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು ಎನ್ನುತ್ತದೆ. ಇಷ್ಟು ಸ್ಪಷ್ಟವಾಗಿ 'ಇವರನ್ನು ಕೂರಿಸಿಕೊಂಡು ಕೇಳಿ' ಎನ್ನುವ ಕಾನೂನು ನಮ್ಮಲ್ಲಿ ಅಪರೂಪ. ವಾಹನ ತಡೆಯುವ ಬೀದಿಗೂ ಇಂಥ ಸಮಿತಿ ಬೇಕು ಎನ್ನುತ್ತೇನೆ ನಾನು. ಮಾಯಿಗೌಡರ ಪುಸ್ತಕಗಳು ಹರಡಿಕೊಂಡಿದ್ದ ಆ ಹಳೆಯ ಫುಟ್‌ಪಾತನ್ನು ಅಂದು ಯಾರಾದರೂ ಅಚ್ಚುಕಟ್ಟು ಮಾಡಲು ಹೊರಟಿದ್ದರೆ ಚರ್ಚ್ ಸ್ಟ್ರೀಟಿಗೆ ಎಷ್ಟು ನಷ್ಟವಾಗುತ್ತಿತ್ತು!

ಅಭಿಪ್ರಾಯ ಕೇಳುವುದೆಂದರೆ ಕೈ ಎಣಿಸುವುದು ಎಂದು ಮಾತ್ರ ಯಾರೂ ತಿಳಿಯಬಾರದು. ಸಾವಿರ ಜನ ಚೆನ್ನಾಗಿದೆ ಎಂದಿರಬಹುದು. ಬಿಳಿಕೋಲು ಹಿಡಿದವರೊಬ್ಬರು, ಕಾಲಿಗೆ ತಗುಲಿ ದಾರಿ ತಿಳಿಸುವ ಉಬ್ಬು ಪಟ್ಟಿಯ ಮೇಲೇ ನಿಮ್ಮ ಬ್ಯಾರಿಕೇಡು ಕೂತಿದೆ ಎಂದು ಒಂದು ಸಾಲು ಬರೆದರೆ, ಆ ಸಾಲಿಗೆ ಬ್ಯಾರಿಕೇಡು ಜರುಗಬೇಕು. ಗಾಲಿಕುರ್ಚಿಯವರೊಬ್ಬರು ಕಲ್ಲುಹಾಸಿನ ಮೇಲೆ ಬೆನ್ನು ನಡುಗುತ್ತದೆ, ಆಟೊ ಬಾಗಿಲವರೆಗೆ ಬರಲಿ ಎಂದರೆ ಆ ಆಟೊ ಬರಬೇಕು. ಕೇಳಿಯಾದ ಮೇಲೆ, ಬಂದ ಮಾತುಗಳೇನು, ಒಪ್ಪಿದ್ದೆಷ್ಟು, ಒಪ್ಪದ್ದಕ್ಕೆ ಕಾರಣವೇನು ಎಂದು ಅದೇ ಬೀದಿಯ ಗೋಡೆಗೆ ಅಂಟಿಸಬೇಕು. ತಮ್ಮ ಮಾತು ಎಲ್ಲಿಗೆ ಹೋಯಿತೆಂದು ತಿಳಿಯದವರು ಮುಂದಿನ ಸಲ ಬಾಯಿ ತೆರೆಯುವುದಿಲ್ಲ.

ಓದುಗರಲ್ಲಿ ನನ್ನದೊಂದು ಕೋರಿಕೆ. ಇಂಥ ಪ್ರಕಟಣೆಗಳಿಗೆ ಆಕ್ಷೇಪಣೆ ಇರುವವರು ಮಾತ್ರ ಬರೆಯುತ್ತಾರೆ, ಒಪ್ಪಿದವರು ಸುಮ್ಮನಿರುತ್ತಾರೆ. ಹೀಗಾಗಿ ಕಚೇರಿಯ ಕಡತದಲ್ಲಿ ಉಳಿಯುವುದು ಬೇಡ ಎಂದವರ ದನಿ ಮಾತ್ರ, ಒಳ್ಳೆಯ ಪ್ರಯೋಗಗಳು ಅದರಿಂದಲೇ ಸೊರಗುತ್ತವೆ. ನಿಮ್ಮ ಊರಿನ ಯಾವುದಾದರೂ ಬೀದಿಯಲ್ಲಿ ಗಾಡಿ ತಡೆಯುವ ಪ್ರಸ್ತಾಪ ಬಂದರೆ, ಒಪ್ಪಿಗೆ ಇದ್ದರೂ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಆ ಬೀದಿಗೆ ಯಾವ ಹೊತ್ತಿನಲ್ಲಿ, ಯಾವುದರಲ್ಲಿ, ಏತಕ್ಕೆ ಹೋಗುತ್ತೀರಿ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ. ಬರೆಯಲು ಬಾರದವರು ಪಕ್ಕದಲ್ಲಿದ್ದರೆ ಅವರ ಮಾತನ್ನೂ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಿಸಿ. ಕಚೇರಿಯಲ್ಲಿ ಕೊಟ್ಟಾಗ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ.